ಐದನೆಯ ಹಾಳೆ

ಸುವರ್ಣಾ ಕೆಟ್ಟವಳು ಎಂದು ಬನಹಟ್ಟಿಯಲ್ಲಿ ಯಾರಾದರೂ ಅಂದರೆ ಅವರ ನಾಲಿಗೆಗೆ ಹುಳ ಬೀಳಲಿ. ಅಪ್ಪನ ಮೇಲೆ ಜೀವವನ್ನೇ ಇಟ್ಟುಕೊಂಡ ಹುಡುಗಿ ಅವಳು. ಜಮಖಂಡಿಯ ಕಂಪ್ಯೂಟರ್ ಅಂಗಡಿಯಲ್ಲಿ ದಿನವಿಡೀ ಕೂತು, ಸಂಜೆಯ ಬಸ್ಸಿನಲ್ಲಿ ಒಂಟಿ ಕಾಲಲ್ಲಿ ನಿಂತು ಬಂದರೂ ಹೊಸ್ತಿಲು ದಾಟುವ ಮೊದಲೇ ಅವ್ವನನ್ನು ಕೇಳುತ್ತಿದ್ದದ್ದು, "ಅಪ್ಪಾ ಉಂಡಾನೇನಬೇ?" ಅಷ್ಟಾದರೂ ಆ ವರ್ಷ ಅವಳು ಮಾಡಿದ ಕೆಲಸ ಮಾಡಬಾರದಾಗಿತ್ತು. ಒಂದಲ್ಲ, ಎರಡು ಕೆಲಸ. ಮೊದಲನೆಯದನ್ನು ಗೊತ್ತಿಲ್ಲದೆ ಮಾಡಿದಳು. ಎರಡನೆಯದನ್ನು ಗೊತ್ತಿದ್ದೇ ಮಾಡಿದಳು, ಅದಕ್ಕೇ ಅದು ಅವಳನ್ನು ಇವತ್ತಿಗೂ ಬಿಟ್ಟಿಲ್ಲ.

ಅವಳ ಅಪ್ಪ ರಾಚಪ್ಪ ಮೂವತ್ತು ವರ್ಷ ಪಾವರ್‌ಲೂಮ್ ಶೆಡ್ಡಿನಲ್ಲಿ ಸೀರೆ ನೇಯ್ದವನು. ಸಾಹುಕಾರ ಶಿವಯೋಗೆಪ್ಪನ ಶೆಡ್ಡು. ಆರು ಮಂದಿ ನೇಕಾರರು, ತಲೆಗೆ ಎರಡೆರಡು ಮಗ್ಗ. ಹನ್ನೆರಡು ಮಗ್ಗ ಒಮ್ಮೆಲೇ ಓಡುವ ಶೆಡ್ಡಿನೊಳಗೆ ನಿಂತವರಿಗೆ ಗೊತ್ತು, ಅಲ್ಲಿ ಬಾಯಿಗೆ ಕೆಲಸವಿಲ್ಲ. ಪಕ್ಕದವನ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಅವನಿಗೆ ಕೇಳುವುದು ಖಟಾಖಟ್ ಒಂದೇ. ನೀರು ಬೇಕೆಂದರೂ ಸನ್ನೆ, ಸಾಹುಕಾರ ಬಂದನೆಂದರೂ ಸನ್ನೆ. ಆ ಸದ್ದು ವರ್ಷಕ್ಕಿಷ್ಟು ಎಂದು ರಾಚಪ್ಪನ ಕಿವಿಯನ್ನು ತಿನ್ನುತ್ತ ಬಂದು ಕಡೆಗೆ ಪೂರ್ತಿ ತಿಂದು ಮುಗಿಸಿತು. ಶೆಡ್ಡು ಮುಚ್ಚಿದ್ದು 2011ರಲ್ಲಿ. ಅಷ್ಟು ಹೊತ್ತಿಗೆ ಅವನು ಗುಡುಗಿಗೂ ತಿರುಗಿ ನೋಡುತ್ತಿರಲಿಲ್ಲ. ಮನೆಯಲ್ಲಿ ಅವನ ಜೊತೆ ಮಾತಾಡಲು ಗೋಡೆಗೆ ಒಂದು ಪಾಟಿ ತೂಗುಹಾಕಿದ್ದರು. ಹೇಳಬೇಕಾದ್ದನ್ನು ಬಳಪದಲ್ಲಿ ಬರೆದು ತೋರಿಸಬೇಕು. ಅವನು ಮಾತ್ರ ಬಾಯಿಬಿಟ್ಟು, ಇಡೀ ಓಣಿಗೆ ಕೇಳುವ ಹಾಗೆ ಉತ್ತರ ಕೊಡುತ್ತಿದ್ದ.

ಶೆಡ್ಡಿನಿಂದ ಅವನು ಮನೆಗೆ ತಂದದ್ದು ಮಗ್ಗದಲ್ಲಿ ಅಡ್ಡನೂಲು ಓಡಿಸುವ ಒಂದು ಲಾಳಿ, ಮತ್ತೆ ಒಂದು ತಗಡಿನ ಟ್ರಂಕಿನ ತುಂಬ ಚಿತ್ರಕಥೆ ಪುಸ್ತಕ. ಹೌದು, ಕಾಮಿಕ್ಸು. ರಾಜಕುಮಾರಿ, ರಾಕ್ಷಸ, ಕಳ್ಳ, ಪತ್ತೇದಾರ. ಐವತ್ತೈದು ದಾಟಿದ ಮನುಷ್ಯ ಮಧ್ಯಾಹ್ನ ಉಂಡ ಮೇಲೆ ಚಾಪೆ ಹಾಸಿ ಅವನ್ನೆಲ್ಲ ಹರವಿಕೊಂಡು ಕೂರುತ್ತಿದ್ದ. ಒಬ್ಬನೇ ಕಿಸಕ್ಕೆಂದು ನಗುತ್ತಿದ್ದ, ಒಮ್ಮೊಮ್ಮೆ "ಹಲ್ಕಟ್ ಸೂಳೇಮಗ!" ಎಂದು ಪ್ರೀತಿಯಿಂದ ಯಾರನ್ನೋ ಬೈಯುತ್ತಿದ್ದ. ಹೆಂಡತಿ ಶಂಕ್ರೆವ್ವನಿಗೆ ತಲೆ ಕೆಡುತ್ತಿತ್ತು.

"ನೋಡ ನಿಮ್ಮಪ್ಪನ್ನ," ಎಂದು ಮಗಳಿಗೆ ಹೇಳುತ್ತಿದ್ದಳು. "ಹಲ್ಲ ಉದರಾಕ ಬಂದಾವು, ಇನ್ನಾ ಕೂಸಿನ ಬುದ್ಧಿ ಹೋಗಿಲ್ಲ. ಆ ಟ್ರಂಕಿಗಿ ಒರಲಿ ಹತ್ತೇತಿ. ನಾಳಿ ನನ್ನ ಅರಬಿ ಗಂಟಿಗೂ ಹತ್ತತೈತಿ."

ಒರಲಿ, ಅಂದರೆ ಗೆದ್ದಲು, ಹತ್ತಿದ್ದು ಖರೆ. ಸುವರ್ಣಾ ನೋಡಿದಳು. ಪುಸ್ತಕಗಳ ಗತಿ ಅದಕ್ಕಿಂತ ಮೊದಲೇ ಕೆಟ್ಟಿತ್ತು. ಎಲ್ಲವನ್ನೂ ನಡುವೆ ಮಡಿಕೆಯಲ್ಲಿ ಕೊಯ್ದು ಹಾಳೆ ಹಾಳೆ ಮಾಡಿ ಮತ್ತೆ ಮಗ್ಗದ ನೂಲಿನಿಂದ ಹೊಲಿದಿದ್ದರು. ಮಶೀನಿನ ಎಣ್ಣೆ, ಕರಿ ಬೆರಳಿನ ಗುರುತು. ಅಂಚಿನ ಬಿಳಿ ಜಾಗದಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಗೀಚಿದ ಸಾಲುಗಳು, ಮೂಲೆಗಳಲ್ಲಿ ಚುಕ್ಕೆ, ಅಡ್ಡಗೆರೆ. ರಾಣಿಯರಿಗೆಲ್ಲ ಯಾರೋ ಮೀಸೆ ಬರೆದಿದ್ದರು. ಅಪ್ಪ ಇವನ್ನು ಕಣ್ಣಿಗೆ ಹತ್ತಿರ ಹಿಡಿದು, ಬೆಳಕಿಗೆ ಓರೆ ಮಾಡಿ ಓದುವುದನ್ನು ಅವಳು ದಿನಾ ನೋಡುತ್ತಿದ್ದಳು. ಕಿವಿ ಹೋದ ಮನುಷ್ಯ, ಇನ್ನು ಕಣ್ಣನ್ನೂ ಕಳಕೊಂಡರೆ ಏನು ಗತಿ ಅಂದುಕೊಂಡಳು. ಒಂದು ಟ್ಯಾಬ್ ಕೊಂಡು ಪುಸ್ತಕವನ್ನೆಲ್ಲ ಅದರೊಳಗೆ ಹಾಕಿಕೊಟ್ಟರೆ? ಎರಡು ಬೆರಳಿಂದ ಅಕ್ಷರ ದೊಡ್ಡದು ಮಾಡಿಕೊಂಡು ಆರಾಮಾಗಿ ಓದುತ್ತಾನೆ. ಇದರಲ್ಲಿ ತಪ್ಪೇನಿತ್ತು ಹೇಳಿ!

ಸ್ಕ್ಯಾನ್ ಮಾಡುವುದೇ ಅವಳ ಕೆಲಸ. ಹಿನ್ನೀರಿನಲ್ಲಿ ಮುಳುಗಿದ ಊರುಗಳ ಜನ ಮನೆಯದು, ಹೊಲದ್ದು, ಪರಿಹಾರದ್ದು ಎಂದು ಮಡಿಚಿ ಮಡಿಚಿ ಬಟ್ಟೆಯಂತಾದ ಕಾಗದ ತರುತ್ತಿದ್ದರು. ಅವಳು ಕಲೆ ಅಳಿಸಿ, ಅಂಚು ಕತ್ತರಿಸಿ, ಹಾಲಿನಂಥ ಪ್ರತಿ ತೆಗೆದುಕೊಡುತ್ತಿದ್ದಳು. ಸುವರ್ಣಾಳ ಕೈಗೆ ಸಿಕ್ಕರೆ ಹಳೆಯ ಕಾಗದವೂ ಮದುಮಗಳಾಗುತ್ತದೆ ಎಂದು ಮಾಲಕ ಗಿರಾಕಿಗಳ ಮುಂದೆ ಹೊಗಳುತ್ತಿದ್ದ. ಆ ಕೈಚಳಕವನ್ನೇ ಅಪ್ಪನ ಪುಸ್ತಕಗಳ ಮೇಲೆ ತೋರಿಸಿದಳು. ಅಪ್ಪನಿಗೆ ಗೊತ್ತಾಗದಂತೆ ದಿನಕ್ಕೆ ಐದಾರು ಪುಸ್ತಕ ಚೀಲದಲ್ಲಿ ಒಯ್ದಳು. ಊಟದ ಬಿಡುವಿನಲ್ಲಿ ಕೂತು ಒಂದೊಂದೇ ಪುಟದ ಎಣ್ಣೆ ಕಲೆ ಅಳಿಸಿದಳು, ರಾಣಿಯರ ಮೀಸೆ ಬೋಳಿಸಿದಳು. ಗೀಚಿದ ಅಂಚುಗಳನ್ನು ಚಿತ್ರದ ಗೆರೆಗೆ ಸರಿಯಾಗಿ ಕತ್ತರಿಸಿ ಎಸೆದಳು. ಅಂಗಡಿಯ ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ತಿದ್ದುವ ಮೊದಲು ತೆಗೆದ ಸ್ಕ್ಯಾನುಗಳನ್ನೂ ಅಳಿಸಿಬಿಟ್ಟಳು. ಯುಗಾದಿಗೆ ಹತ್ತು ದಿನ ಇರುವಾಗ, ಅಪ್ಪ ಸಾವಳಗಿಗೆ ಬೀಗರ ಮನೆಗೆ ಹೋಗಿದ್ದಾಗ, ರಬಕವಿಯ ರದ್ದಿ ಅಂಗಡಿಯ ಗಿರಮಲ್ಲಪ್ಪನನ್ನು ಕರೆಸಿ ಟ್ರಂಕನ್ನು ಖಾಲಿ ಮಾಡಿಸಿದಳು. ಶಂಕ್ರೆವ್ವ ಟ್ರಂಕಿಗೆ ಸೀಮೆಎಣ್ಣೆ ಒರೆಸಿ ಬಿಸಿಲಿಗಿಟ್ಟು, ಅಬ್ಬಾ ಎಂದು ಉಸಿರುಬಿಟ್ಟಳು.

ಯುಗಾದಿಯ ಬೆಳಿಗ್ಗೆ ಬೇವು ತಿಂದಾದ ಮೇಲೆ ಸುವರ್ಣಾ ಟ್ಯಾಬನ್ನು ಅಪ್ಪನ ತೊಡೆಯ ಮೇಲಿಟ್ಟಳು. ರಾಚಪ್ಪನ ಮುಖ ಅರಳಿತು. ಬೆರಳಿಂದ ಹೇಗೆ ಸರಿಸಬೇಕೆಂದು ತೋರಿಸಿದಳು. ಅವನು ಸರಿಸಿದ. ಒಂದು ಪುಟ, ಎರಡು ಪುಟ. ಆಮೇಲೆ ಅವನ ಬೆರಳು ಚಿತ್ರದ ಮೇಲಿಂದ ಬಲಕ್ಕೆ ಹೋಯಿತು, ಗಾಜು ದಾಟಿತು, ಕರಿ ಚೌಕಟ್ಟು ದಾಟಿತು, ಟ್ಯಾಬಿನ ಹೊರಗೆ ಅವನ ಧೋತರದ ಮೇಲೆ ಬಂದು ನಿಂತಿತು. ಮತ್ತೆ ಒಳಗೆ ಬಂದು ಕೆಳಗಿನಿಂದ ಹುಡುಕಿತು. ಅಲ್ಲೂ ಇಲ್ಲ.

"ಅಂಚ ಎಲ್ಲೈತಿ?" ಎಂದ.

ಸುವರ್ಣಾಳಿಗೆ ಅರ್ಥವಾಗಲಿಲ್ಲ. ಅವನು ಇನ್ನೂ ನಾಲ್ಕು ಪುಟ ಸರಿಸಿ ಹುಡುಕಿದ. ಅವನ ಮುಖದ ಕಳೆ ಒಂದೊಂದೇ ಪುಟಕ್ಕೆ ಇಳಿಯುತ್ತಾ ಹೋದದ್ದನ್ನು ಅವಳು ಕಣ್ಣಾರೆ ನೋಡಿದಳು. ಆಗ ಅವನು ಬಹಳ ಮೆಲ್ಲಗೆ, ಕಿವುಡನಾದ ಮೇಲೆ ಅಷ್ಟು ಮೆಲ್ಲಗೆ ಮಾತಾಡಿದ್ದೇ ಇಲ್ಲ, ಕೇಳಿದ: "ಪುಸ್ತಕ ಅದಾವಿಲ್ಲವಾ?"

ಆ ಗಳಿಗೆಯಲ್ಲಿ ಖರೆ ಹೇಳಿದ್ದರೆ ಮುಗಿದೇ ಹೋಗುತ್ತಿತ್ತು. ಬೈಸಿಕೊಳ್ಳುತ್ತಿದ್ದಳು, ಅಳುತ್ತಿದ್ದಳು, ಅವತ್ತೇ ರದ್ದಿ ಅಂಗಡಿಗೆ ಓಡುತ್ತಿದ್ದರು ಇಬ್ಬರೂ. ಆದರೆ ಹಬ್ಬದ ದಿನ, ಅಪ್ಪನ ಆ ಮುಖ. ಅವಳು ಪಾಟಿ ತಗೊಂಡು ಬರೆದಳು: "ಅಂಗಡಿಯ ಕಪಾಟಿನಲ್ಲಿ ಇಟ್ಟಿದ್ದೇನೆ. ಒರಲೆ ಹತ್ತಿತ್ತು, ಅದಕ್ಕೆ." ಕೀಲಿ ತಿರುಗಿಸುವ ಸನ್ನೆ ಬೇರೆ ಮಾಡಿದಳು, ಭದ್ರ ಇವೆ ಎಂದು. ಬರೆದದ್ದನ್ನು ಅಂಗೈಯಿಂದ ಒರೆಸಿ ಪಾಟಿಯನ್ನು ಗೋಡೆಗೆ ತೂಗುಹಾಕಿದಳು. ಇದೇ ನಾನು ಹೇಳಿದ ಎರಡನೆಯ ಕೆಲಸ.

"ಛಲೋ ಆತು," ಎಂದ ರಾಚಪ್ಪ. ಟ್ಯಾಬನ್ನು ಒಂದು ಅರಿವೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟ. ಮುಂದೆ ನಾಲ್ಕು ತಿಂಗಳು ಅದನ್ನು ಮುಟ್ಟಲಿಲ್ಲ.

ಆ ಭಾನುವಾರ ಅವಳು ರಬಕವಿಗೆ ಹೋದಳು. ಗಿರಮಲ್ಲಪ್ಪ ತಕ್ಕಡಿಯ ಮುಂದೆ ಕೂತು ಬೀಡಿ ಸೇದುತ್ತಿದ್ದ.

"ಕಾಕಾ, ನಮ್ಮನಿ ಪುಸ್ತಕ ಅದಾವೇನ್ರಿ?"

"ಯಾವು ತಂಗಿ? ಆ ಎಣ್ಣಿ ಪುಸ್ತಕಾ? ಅವನ್ನ ಯಾರ ಇಟ್ಟಗೋತಾರ. ಮುಧೋಳದ ಕಡೆ ಪೊಟ್ಟಣ ಮಾಡೋ ಹೆಣ್ಮಕ್ಕಳು ಬರ್ತಾರಲಾ, ಅವ್ರ ಜೋಡಿ ಹ್ವಾದುವು." ಅವಳ ಮುಖ ನೋಡಿ ಬೀಡಿ ಆರಿಸಿದ. "ಯಾಕವ್ವಾ, ಅದರಾಗ ರೊಕ್ಕಗಿಕ್ಕ ಇಟ್ಟಿದ್ರೇನ?"

ಇಲ್ಲ ಎಂದು ತಲೆಯಾಡಿಸಿ ಬಂದಳು. ಅಷ್ಟಾದರೂ, ಹಳೇ ಕಾಗದಕ್ಕೆ ಅಪ್ಪ ಯಾಕಿಷ್ಟು ಹಚ್ಚಿಕೊಂಡಿದ್ದಾನೆ ಎಂದು ಅವಳಿಗೆ ತಿಳಿದಿರಲಿಲ್ಲ. ತಿಳಿಸಿದವನು ಹುಲೆಪ್ಪ. ಅಪ್ಪನ ಜೊತೆ ಅದೇ ಶೆಡ್ಡಿನಲ್ಲಿ, ಎರಡನೇ ಜೋಡಿ ಮಗ್ಗದಲ್ಲಿ ದುಡಿದವನು. ಕಿವಿ ಅರ್ಧ ಹೋಗಿದೆ, ಬಾಯಿ ಮಾತ್ರ ಪೂರ್ತಿ ಇದೆ. ಕಾರಹುಣ್ಣಿಮೆಯ ಮರುದಿನ ಬಂದವನು ಗೆಳೆಯನ ಪಕ್ಕ ಚಾಪೆಯ ಮೇಲೆ ಕೂತು, ಟ್ಯಾಬ್ ತಿರುವಿ ಮುರುವಿ ನೋಡಿ, "ಇದರಾಗ ನಮ್ಮ ಮಾತ ಎಲ್ಲಿ ಅದಾವ ತಂಗಿ?" ಎಂದು ಕೇಳಿದ.

"ಯಾವ ಮಾತರೀ ಕಾಕಾ?"

"ಅಯ್ಯ ಇಕಿನ! ನಿಮ್ಮಪ್ಪ ಹೇಳೇ ಇಲ್ಲೇನ?"

ಆಮೇಲೆ ಅವನು ಹೇಳಿದ ಕಥೆ ಇದು. 1997ರಲ್ಲಿ ಅವರ ಶೆಡ್ಡಿನ ಧರೆಪ್ಪ ಜಮಖಂಡಿ ಸಂತೆಯಿಂದ ಮಗನಿಗೆಂದು ಒಂದು ಚಿತ್ರಕಥೆ ಪುಸ್ತಕ ತಂದ, ದಾರಿಯಲ್ಲಿ ಶೆಡ್ಡಿಗೆ ಒಯ್ದ. ಎಳೆ ಹರಿಯದೆ ಮಗ್ಗ ಸುರಳೀತ ಓಡುವಾಗ ನೇಕಾರನ ಕೈ ಖಾಲಿ, ಆಗಾಗ ಕಣ್ಣೆತ್ತಿ ನೋಡಿದರೆ ಸಾಕು. ಆರು ಮಂದಿಗೂ ಪುಸ್ತಕ ಬೇಕು. ಕಿತ್ತಾಟದಲ್ಲಿ ಪುಸ್ತಕದ ಪಿನ್ನು ಕಿತ್ತು ಬಂತು. ಆಗ ರಾಚಪ್ಪ ನೂಲು ಕೊಯ್ಯುವ ಬ್ಲೇಡಿನಿಂದ ಅದನ್ನು ಹಾಳೆ ಹಾಳೆ ಮಾಡಿದ. ತಾನೊಂದು ಹಾಳೆ ಓದುವುದು, ಮಗ್ಗದ ನಡುವಿನ ಮೊಳೆಗೆ ಸಿಗಿಸುವುದು. ಹುಲೆಪ್ಪ ತೆಗೆದುಕೊಂಡು ಓದಿ ಮುಂದಿನ ಮೊಳೆಗೆ ಸಿಗಿಸುವುದು. ಆಮೇಲೆ ತಂದ ಪುಸ್ತಕಗಳದ್ದೂ ಹೀಗೇ, ಒಂದೊಂದೇ ಹಾಳೆ ಆರು ಕೈ ದಾಟಿ ಸಂಜೆಗೆ ಮತ್ತೆ ರಾಚಪ್ಪನ ಹತ್ತಿರ ಬರುತ್ತಿತ್ತು. ಅವನು ನೂಲಿನಿಂದ ಹೊಲಿದಿಡುತ್ತಿದ್ದ. ಓದಿದೆ ಎಂಬುದಕ್ಕೆ ಮೂಲೆಯಲ್ಲಿ ಗುರುತು ಹಾಕಬೇಕು. ರಾಚಪ್ಪನದು ಚುಕ್ಕೆ, ಹುಲೆಪ್ಪನದು ಅಡ್ಡಗೆರೆ, ಧರೆಪ್ಪನದು ಮೀಸೆ, ಹಾಳೆಯಲ್ಲಿ ರಾಣಿ ಇದ್ದರೆ ಅವಳ ಮುಖಕ್ಕೇ. ಆರೂ ಗುರುತು ಬೀಳದೆ ಹಾಳೆ ಹೊಲಿಗೆಗೆ ಹೋಗುವ ಹಾಗಿಲ್ಲ.

ಗುರುತು ಹಾಕುವ ಪೆನ್ಸಿಲ್ಲು ಸುಮ್ಮನಿದ್ದೀತೆ? ಬಾಯಲ್ಲಿ ಆಡಲಾಗದ ಮಾತೆಲ್ಲ ಅಂಚಿಗೆ ಇಳಿಯಿತು. 'ರಾಚ್ಯಾ, ನಿನ್ನ ಎಳಿ ಹರದೈತಿ ನೋಡಲೇ.' 'ಈ ರಾಣಿ ನಮ್ಮ ಸಾಹುಕಾರನ ಹೇಣತಿ ಇದ್ದಂಗ ಅದಾಳ.' 'ಕಳ್ಳ ಮಂತ್ರೀನ. ಚಾದ ಶರತ್ತು.' ಪತ್ತೇದಾರಿ ಕಥೆಯಾದರೆ ಕಳ್ಳ ಯಾರೆಂದು ಗೊತ್ತಾದ ಹಾಳೆಯ ಅಂಚಿಗೇ ಹೆಸರು ಬರೆಯಬೇಕು, ಅದು ಆಟ. ರಾಚಪ್ಪ ಮಾತ್ರ ಎಂದೂ ಬರೆಯುತ್ತಿರಲಿಲ್ಲ. ಕಥೆ ಮುಗಿದು ಕೊನೆಯ ಹಾಳೆ ಕೈಗೆ ಬಂದ ಮೇಲೆ ಅದರ ಕೆಳಗೆ ದೊಡ್ಡದಾಗಿ ಬರೆಯುತ್ತಿದ್ದ: 'ನನಗ ಐದನೇ ಹಾಳಿಗೇ ಗೊತ್ತಾಗಿತ್ತು.' ಮಗ್ಗ ನಿಂತ ಮೇಲೆ ಐವರೂ ಸೇರಿ ಅವನ ಬೆನ್ನಿಗೆ ಗುದ್ದುತ್ತಿದ್ದರು, ಸುಳ್ಳುಬುರುಕ ಎಂದು.

"ಹದಿನಾಕ ವರ್ಷ ನಾವು ಮಾತಾಡಿದ್ದ ಹಂಗ ತಂಗಿ," ಎಂದ ಹುಲೆಪ್ಪ. "ಧರ್ಯಾ ಸತ್ತ ಐದ ವರ್ಷ ಆತು. ಅವನ ದನಿ ಹ್ಯಾಂಗಿತ್ತು ಅಂದ್ರ ನನಗ ನೆನಪಿಲ್ಲ. ಅಂವ ಬರದದ್ದ ಓದಿದ್ರ ಎದುರಿಗಿ ಬಂದ ನಿಂತಂಗ ಆಗತೈತಿ. ವರ್ಷಾ ದಸರಿ ಖಂಡೇಪೂಜಿ ದಿವ್ಸ ಎಲ್ಲಾರೂ ಕೂಡಿ ಒಂದ ಪುಸ್ತಕ ಬಿಚ್ಚಿ ಮೊದಲಿನಂಗ ಕೈಯಿಂದ ಕೈಗಿ ಓದತೀವಿ. ಧರ್ಯಾನ ಹೆಂಡತಿ ಲಗಮವ್ವ ರನ್ನ ಬೆಳಗಲಿಯಿಂದ ಅದಕ್ಕಂತ ಬರತಾಳ. ಹ್ವಾದ ವರ್ಷ ನಮ್ಮನ್ಯಾಗ ಇತ್ತು, ಈ ವರ್ಷ ನಿಮ್ಮನ್ಯಾಗ. ಕಪಾಟಿನ್ಯಾಗ ಇಟ್ಟೀ ಅಂತಲಾ, ಜ್ವಾಕಿ ಹಾಂ."

"ಹೂಂ ಕಾಕಾ," ಅಂದಳು ಸುವರ್ಣಾ. ಅಡಿಗೆಮನೆಗೆ ಹೋಗಿ ಚಹಾ ಇಡುವ ನೆವದಲ್ಲಿ ಒಲೆಯ ಮುಂದೆ ಕೂತು, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಅವ್ವನಿಗೆ ಹೇಳಿದರೆ ಶಂಕ್ರೆವ್ವ ಬಿಳಿಚಿಕೊಂಡಳು. "ಹೇಳಬ್ಯಾಡ. ಈಗ ಹೇಳಿದ್ರ ಅಂವ ಉಣ್ಣೂದ ಬಿಡತಾನ," ಎಂದಳು. ಹೀಗೆ ಸುಳ್ಳಿಗೆ ಇಬ್ಬರಾದರು.

ತಪ್ಪು ಮಾಡಿದ ಮನಸ್ಸಿಗೆ ಎಲ್ಲೆಲ್ಲಿಂದಲೋ ಚುಚ್ಚುಗಳು ಬರುತ್ತವೆ ನೋಡಿ. ಅದೇ ವಾರ ಗಲಗಲಿಯ ಮುದಕಪ್ಪ ಎಂಬ ಮುದುಕ ಮುಳುಗಿದ ಮನೆಯ ಉತಾರ ಪತ್ರ ಸ್ಕ್ಯಾನ್ ಮಾಡಿಸಲು ಬಂದ. ಕೆಲಸ ಮುಗಿದ ಮೇಲೆ ಜೀರ್ಣವಾದ ಆ ಕಾಗದವನ್ನು ಅವಳು ಎಂದಿನಂತೆ ಒತ್ತಟ್ಟಿಗೆ ಸರಿಸಿದರೆ ಮುದುಕ ಗಾಬರಿಯಾಗಿ ಎರಡೂ ಕೈಯಲ್ಲಿ ತಗೊಂಡ. "ನಿನ್ನ ಮಶೀನಿನ್ಯಾಗ ಅದರ ಫೋಟೋ ಇರಲಿ ತಂಗಿ, ಇದು ನನ್ನ ಕಿಸೇದಾಗ ಇರಲಿ. ಇದರ ಮ್ಯಾಲ ನಮ್ಮಪ್ಪನ ಹೆಬ್ಬಟ್ಟ ಐತಿ," ಎಂದ. ಇಂಥ ನೂರು ಜನಕ್ಕೆ ಅವಳು ಇಷ್ಟು ವರ್ಷ ಕಾಗದ ವಾಪಸು ಕೊಟ್ಟಿದ್ದಳು. ಬೇರೆಯವರ ಒಂದು ಚೂರನ್ನೂ ಕಳೆದವಳಲ್ಲ. ತನ್ನ ಅಪ್ಪನದನ್ನೇ ಕೇಳದೆ ತೂಕಕ್ಕೆ ಹಾಕಿದ್ದಳು. ಮುದುಕ ಹೋದ ಮೇಲೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಶ್ರಾವಣದಲ್ಲಿ ಒಂದು ಆಶ್ಚರ್ಯ ನಡೆಯಿತು. ರಾಚಪ್ಪ ತಾನಾಗಿ ಗೂಡಿನಿಂದ ಟ್ಯಾಬ್ ತೆಗೆದ. ಮಗಳು ಬಸ್ಸಿಳಿದು ಬರುವ ಹೊತ್ತಿಗೆ ಕಟ್ಟೆಯ ಮೇಲೆ ಅದನ್ನು ಹಿಡಿದು ಕೂತಿರುತ್ತಿದ್ದ. ಅವಳನ್ನು ಕಂಡೊಡನೆ, "ಭಾಳ ಛಲೋ ಕಾಣತಾವವಾ ಚಿತ್ರಾ! ಕಣ್ಣಿಗೆ ತ್ರಾಸ ಇಲ್ಲ!" ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ದಿನಾ ಅದೇ. ಸುವರ್ಣಾಳ ಎದೆಯ ಭಾರ ಸ್ವಲ್ಪ ಇಳಿಯಿತು. ರೂಢಿಯಾಯಿತು, ಇನ್ನು ನಿಧಾನಕ್ಕೆ ಪುಸ್ತಕ ಮರೆಯುತ್ತಾನೆ, ಖಂಡೇಪೂಜೆಗೆ ಏನಾದರೊಂದು ನೆವ ಹೇಳಿದರಾಯಿತು ಎಂದು ಲೆಕ್ಕ ಹಾಕಿದಳು. ಹಾಗೆ ಲೆಕ್ಕ ಹಾಕಿದ್ದಕ್ಕೇ ಮತ್ತೆ ತನ್ನ ಮೇಲೆ ಹೇಸಿಗೆಯಾಯಿತು.

ಆದರೂ ಹುಡುಕುವುದನ್ನು ಬಿಡಲಿಲ್ಲ ಅನ್ನಬೇಕು. ಭಾನುವಾರ ಬಂದರೆ ಮುಧೋಳ. ಪೊಟ್ಟಣ ಮಾಡುವ ಹೆಂಗಸರ ಮನೆ ಮನೆಗೆ ಹೋದಳು, ಪುಟಾಣಿ ಮಾರುವ ಗಾಡಿಗಳ ಮುಂದೆ ನಿಂತಳು. ಚುರಮರಿ ಅಂಗಡಿಯವರು ಇವಳಿಗೆ ತಲೆ ಸರಿಯಿಲ್ಲ ಎಂದುಕೊಂಡರು. ಗಣಪತಿ ಕಳೆದ ಮೇಲೆ ಬಸ್‌ಸ್ಟ್ಯಾಂಡಿನ ಒಂದು ಗಾಡಿಯಲ್ಲಿ ದಾರಕ್ಕೆ ಪೋಣಿಸಿದ ಪೊಟ್ಟಣಗಳ ನಡುವೆ ಬಣ್ಣದ ಒಂದು ಕುದುರೆಕಾಲು ಕಂಡಿತು. ಮನೆಗೆ ತಂದು ಅಂಟು ನೆನೆಸಿ ಬಿಡಿಸಿದಳು. ಕೆಳಮೂಲೆ ಕತ್ತರಿಸಿ ಹೋಗಿತ್ತು, ಗುರುತುಗಳಿಲ್ಲ. ಬಲಗಡೆಯ ಅಂಚು ಮಾತ್ರ ಉಳಿದಿತ್ತು. ಅದರಲ್ಲಿ ಹುಲೆಪ್ಪನ ಅಕ್ಷರದಲ್ಲಿ ಒಂದು ಸಾಲು: 'ಕಳ್ಳ ಸಿಗೂದಿಲ್ಲ ಈ ಸಲ.' ಒಂದು ಟ್ರಂಕಿನಷ್ಟು ಪುಸ್ತಕದಲ್ಲಿ ಒಂದೇ ಒಂದು ಹಾಳೆ ಸಿಕ್ಕಿತು. ಅವಳು ಅದನ್ನು ತನ್ನ ಚೀಲದ ಒಳಖಾನೆಯಲ್ಲಿಟ್ಟುಕೊಂಡಳು, ಅವ್ವನಿಗೂ ತೋರಿಸಲಿಲ್ಲ.

ಖಂಡೇಪೂಜೆ ಬಂದೇ ಬಂತು. ಪಡಸಾಲೆಯಲ್ಲಿ ಮಣೆ ಹಾಕಿ ಆರು ಲಾಳಿಗಳನ್ನು ಸಾಲಾಗಿ ಇಟ್ಟರು, ವಿಭೂತಿ ಹಚ್ಚಿದರು, ಚೆಂಡುಹೂ ಏರಿಸಿದರು. ಆರನೆಯ ಲಾಳಿ ಧರೆಪ್ಪನದು. ಲಗಮವ್ವ ಅದನ್ನು ರನ್ನ ಬೆಳಗಲಿಯಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದಿದ್ದಳು. ಬಡಕಲು ಹೆಂಗಸು, ಅಕ್ಷರ ಬಾರದವಳು, ಮಾತು ಕಡಿಮೆ. ಕಾಯಿ ಒಡೆದಾದ ಮೇಲೆ ರಾಚಪ್ಪ, ಹುಲೆಪ್ಪ, ಉಳಿದ ಮೂವರು ನೇಕಾರರು ಶೆಡ್ಡಿನಲ್ಲಿ ನಿಲ್ಲುತ್ತಿದ್ದ ಸಾಲಿನಲ್ಲೇ ಗೋಡೆಗೆ ಒರಗಿ ಕೂತರು. ಧರೆಪ್ಪನ ಜಾಗದಲ್ಲಿ ಲಗಮವ್ವ ಕೂತಳು.

ಸುವರ್ಣಾ ಟ್ಯಾಬ್ ತಂದು ಅಪ್ಪನ ಕೈಗೆ ಕೊಟ್ಟಳು. "ಈ ಸಲ ಇದರಾಗ ಓದ್ರಿ ಕಾಕಾ, ಎಲ್ಲಾ ಐತಿ," ಎಂದಳು. ಯಾರೂ ಬೇಡ ಅನ್ನಲಿಲ್ಲ. ರಾಚಪ್ಪ ಒಂದು ಪುಟ ಓದಿ ಹುಲೆಪ್ಪನಿಗೆ ದಾಟಿಸಿದ. ಹುಲೆಪ್ಪ ಓದಿ, ರೂಢಿಯಂತೆ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಮೂಲೆಯಲ್ಲಿ ಅಡ್ಡಗೆರೆ ಎಳೆದ. ಪೆನ್ಸಿಲ್ಲು ಗಾಜಿನ ಮೇಲೆ ಜಾರಿತು. ಇನ್ನೊಮ್ಮೆ ಎಳೆದ. ಆಮೇಲೆ ನಾಚಿಕೊಂಡವನಂತೆ ಪೆನ್ಸಿಲ್ಲನ್ನು ಕಿವಿಯ ಹಿಂದೆ ಸಿಗಿಸಿ ಟ್ಯಾಬನ್ನು ಮುಂದೆ ಕೊಟ್ಟ.

ಉಳಿದ ಮೂವರನ್ನು ದಾಟಿ ಅದು ಲಗಮವ್ವನ ಕೈಗೆ ಬಂತು. ಅವಳು ತೊಡೆಯ ಮೇಲಿಟ್ಟುಕೊಂಡು ಉಳಿದವರು ಮಾಡಿದಂತೆ ಬೆರಳಾಡಿಸಿದಳು. ಚಿತ್ರಗಳು ಸರಿದವು. ಒಮ್ಮೆಲೇ, "ಯವ್ವಾ, ಇದು ಅಂವಂದ!" ಎಂದು ಚೀರಿದಳು. ಸಿಂಹಾಸನದ ಮೇಲೆ ಕೂತ ರಾಣಿಗೆ ಭರ್ಜರಿ ಮೀಸೆ. ನೂರಾರು ಮೀಸೆ ಬೋಳಿಸಿದ ಸುವರ್ಣಾಳ ಕಣ್ಣಿಗೆ ಅದೊಂದು ತಪ್ಪಿಸಿಕೊಂಡಿತ್ತು. ಲಗಮವ್ವ ಮೀಸೆಯನ್ನು ಮುಟ್ಟಿದಳು. ಮುಟ್ಟಿದೊಡನೆ ರಾಣಿ ಸರಿದು ಹೋದಳು. ಲಗಮವ್ವ ಗಾಬರಿಯಾಗಿ ಕೈ ಎತ್ತಿಬಿಟ್ಟಳು. ಸುವರ್ಣಾ ಬಂದು ಕೂತು ಅದನ್ನು ಹಿಂದೆ ತಂದುಕೊಟ್ಟಳು. ಮತ್ತೆ ಮುಟ್ಟಿದರೆ ಮತ್ತೆ ಹೋಯಿತು.

"ಮುಟ್ಟಬ್ಯಾಡ್ರಿ ಚಿಗವ್ವಾ, ಸುಮ್ನ ನೋಡ್ರಿ."

"ಆತು, ಮುಟ್ಟೂದಿಲ್ಲ." ಲಗಮವ್ವ ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಬಾಗಿ ನೋಡಿದಳು. ನಕ್ಕಳು, ಕಣ್ಣೊರೆಸಿಕೊಂಡಳು. ಕಡೆಗೆ ತಲೆಯೆತ್ತಿ, "ನನಗ ಇದು ಗೊತ್ತಾಗೂದಿಲ್ಲವ್ವಾ. ಪುಸ್ತಕ ತಗಿ. ಅದರಾಗ ಅಂವ ಬರದದ್ದ ಭಾಳ ಐತಿ. ಅದನ್ನ ಮುಟ್ಟಿದ್ರ ಎಲ್ಲೂ ಓಡಿ ಹೋಗೂದಿಲ್ಲ," ಎಂದಳು.

ಸುವರ್ಣಾಳಿಗೆ ಇನ್ನು ತಡೆಯಲು ಆಗಲಿಲ್ಲ. ಇಷ್ಟು ದಿನ ಜೋಡಿಸಿಟ್ಟಿದ್ದ ನೆವಗಳೆಲ್ಲ ಬಾಯಿಗೆ ಬಂದು ಅಲ್ಲೇ ಸತ್ತವು. ಎದ್ದು ಹೋಗಿ ಚೀಲದಿಂದ ಆ ಹಾಳೆ ತಂದಳು. ಗೋಡೆಯ ಪಾಟಿಯತ್ತ ನೋಡಿದಳು, ಬೇಡ ಅನ್ನಿಸಿತು. ಒರೆಸಲಾಗದ ಕಡೆ ಬರೆಯಬೇಕು. ಹುಲೆಪ್ಪನ ಕಿವಿಯ ಹಿಂದಿನ ಪೆನ್ಸಿಲ್ ಕೇಳಿ ತಗೊಂಡು ಹಾಳೆಯ ಖಾಲಿ ಅಂಚಿನಲ್ಲಿ ಬರೆದಳು: 'ಅಪ್ಪಾ, ಪುಸ್ತಕ ಕಪಾಟಿನಲ್ಲಿಲ್ಲ. ಯುಗಾದಿಗೆ ಮೊದಲೇ ನಾನೇ ರದ್ದಿಗೆ ಹಾಕಿದೆ. ಇದೊಂದು ಹಾಳೆ ಸಿಕ್ಕಿತು. ನಾನು ಸುಳ್ಳು ಹೇಳಿದೆ.'

ರಾಚಪ್ಪ ಓದಿದ. ಮುಖ ಎತ್ತಲಿಲ್ಲ. ಪೆನ್ಸಿಲ್ ತಗೊಂಡು ಉಳಿದಿದ್ದ ಮೇಲಿನ ಮೂಲೆಯಲ್ಲಿ ತನ್ನ ಚುಕ್ಕೆ ಇಟ್ಟು ಹಾಳೆಯನ್ನು ಹುಲೆಪ್ಪನಿಗೆ ದಾಟಿಸಿದ. ಹುಲೆಪ್ಪ ಓದಿ ಅಡ್ಡಗೆರೆ ಎಳೆದ. ಒಬ್ಬೊಬ್ಬರಾಗಿ ಉಳಿದ ಮೂವರೂ ಗುರುತು ಹಾಕಿದರು. ಆ ಗುರುತಿನ ಅರ್ಥ ಓದಿದೆವು ಎಂದಷ್ಟೇ, ಕ್ಷಮಿಸಿದೆವು ಎಂದಲ್ಲ. ಅದು ಸುವರ್ಣಾಳಿಗೆ ಗೊತ್ತಿತ್ತು. ಅವಳು ಕಂಬ ಹಿಡಿದು ನಿಂತಿದ್ದಳು.

ಹಾಳೆ ಲಗಮವ್ವನ ಹತ್ತಿರ ಬಂದಾಗ ಹುಲೆಪ್ಪ ಅದರಲ್ಲಿದ್ದದ್ದನ್ನು ಓದಿ ಹೇಳಿದ. ಅವಳು ಸುವರ್ಣಾಳತ್ತ ತಿರುಗಿದಳು.

"ಅಂದ್ರ ಅಂವ ಬರದದ್ದು ಈಗ ಎಲ್ಲೂ ಇಲ್ಲೇನವ್ವಾ?"

"ಇಲ್ಲ ಚಿಗವ್ವಾ. ಆ ಮೀಸಿ ಒಂದ ಉಳದೈತಿ. ಕಾಗದದ ಮ್ಯಾಲ ತಗದ ಕೊಡ್ತೀನಿ. ನಾಳೀನ ಕೊಡ್ತೀನಿ." ಸುವರ್ಣಾ ಕಂಬ ಬಿಟ್ಟು ಮುಂದೆ ಬಂದಳು. "ನನ್ನಿಂದ ತಪ್ಪಾತ್ರೀ."

ಲಗಮವ್ವ ತಲೆಯಾಡಿಸಿದಳು, ಹೂಂ ಎಂದೂ ಅಲ್ಲ, ಉಹೂಂ ಎಂದೂ ಅಲ್ಲ. ಪೆನ್ಸಿಲ್ಲನ್ನು ಮುಟ್ಟಲಿಲ್ಲ. ಹಾಳೆಯನ್ನು ಹಾಗೇ ಹುಲೆಪ್ಪನ ಕೈಗೆ ಕೊಟ್ಟು, ಮಣೆಯ ಮೇಲಿನ ಗಂಡನ ಲಾಳಿಯನ್ನು ಎತ್ತಿ ಸೆರಗಿಗೆ ಕಟ್ಟಿಕೊಳ್ಳತೊಡಗಿದಳು. ಆರನೆಯ ಗುರುತು ಬೀಳಲಿಲ್ಲ.

ಸಾಲು ಸುತ್ತಿ ಬಂದ ಹಾಳೆ ಮತ್ತೆ ರಾಚಪ್ಪನ ಕೈ ಸೇರಿತು. ಅವನು ಅದನ್ನು ತೊಡೆಯ ಮೇಲೆ ಸರಿಮಾಡಿ, ಮಗಳ ಬರಹದ ಕೆಳಗೆ ಅಂಚಿನಲ್ಲಿ ಉಳಿದಿದ್ದ ಎರಡು ಬೆರಳು ಜಾಗದಲ್ಲಿ ಏನೋ ಬರೆದು ಮಗಳತ್ತ ಚಾಚಿದ. ಸುವರ್ಣಾ ತಗೊಂಡಳು. ಅಪ್ಪನ ದಪ್ಪ ಅಕ್ಷರ.

'ನನಗ ಐದನೇ ಹಾಳಿಗೇ ಗೊತ್ತಾಗಿತ್ತು.'

ಅವಳು ಹುಲೆಪ್ಪನ ಮುಖ ನೋಡಿದಳು. ಈ ಸಲ ಅವನು ಸುಳ್ಳುಬುರುಕ ಅನ್ನಲಿಲ್ಲ, ಗೆಳೆಯನ ಬೆನ್ನಿಗೆ ಗುದ್ದಲಿಲ್ಲ.

"ಖರೇನ ತಂಗಿ," ಎಂದ. "ಶ್ರಾವಣದ ಮೊದಲನೇ ಸೋಮಾರ ನಾನೂ ನಿಮ್ಮಪ್ಪನೂ ನಿನ್ನ ಅಂಗಡಿಗಿ ಹೋಗಿದ್ವಿ. ಪುಸ್ತಕ ನೋಡಿ ಬರೂಣು ನಡಿ ಅಂದ. ನೀ ಬ್ಯಾಂಕಿಗಿ ಹೋಗಿದ್ದಿ. ನಿಮ್ಮ ಮಾಲಕ ಕಪಾಟ ತಗದ ತೋರಿಸಿದ, ಬರೇ ಬಿಳಿ ಕಾಗದದ ಕಟ್ಟ ಇದ್ದುವು. ನಿಮ್ಮಪ್ಪ ಅಲ್ಲೇ ಅರ್ಧ ತಾಸ ಕುಂತ. ಎದ್ದ ಬರೂಮುಂದ ಮಾಲಕಗ ಕೈ ಮುಗದ. ನಾವು ಬಂದಿದ್ದ ಮಗಳಿಗಿ ಹೇಳಬ್ಯಾಡ್ರಿ, ಆಕಿ ಮನಸಿಗಿ ಹಚಗೋತಾಳ ಅಂದ."

ಶ್ರಾವಣದ ಮೊದಲ ಸೋಮವಾರ. ಮರುದಿನ ಸಂಜೆ ಬಸ್ಸಿಳಿದು ಬಂದಾಗಲೇ ಅಪ್ಪ ಮೊದಲ ಸಲ ಟ್ಯಾಬ್ ಹಿಡಿದು ಕಟ್ಟೆಯ ಮೇಲೆ ಕೂತಿದ್ದ. ಓಣಿಗೆಲ್ಲ ಕೇಳುವಂತೆ ಅದನ್ನು ಹೊಗಳಿದ್ದ. ಅವತ್ತಿನಿಂದ ಇವತ್ತಿನವರೆಗೂ ಒಂದು ಸಂಜೆಯನ್ನೂ ತಪ್ಪಿಸಿರಲಿಲ್ಲ.